ಉಪ್ಪಿನಕ್ಕನ ಹದಿನೆಂಟು ತಿಂಗಳು

ಬ್ರೆಡ್ ಕಾರ್ಖಾನೆಯಲ್ಲಿ ಅವಳ ನಿಜವಾದ ಹೆಸರು ಇದ್ದದ್ದು ಹಾಜರಿ ಪುಸ್ತಕದಲ್ಲಿ ಮಾತ್ರ. ಮ್ಯಾನೇಜರಿನಿಂದ ಹಿಡಿದು ಗೇಟಿನ ಕಾವಲುಗಾರನವರೆಗೆ ಎಲ್ಲರ ಬಾಯಲ್ಲೂ ಅವಳು ಉಪ್ಪಿನಕ್ಕ. ಇಪ್ಪತ್ತಾರು ವರ್ಷದಿಂದ ಅವಳದ್ದು ಒಂದೇ ಕೆಲಸ. ಬೆಳಿಗ್ಗೆ ಆರೂವರೆಗೆ ತೂಕದ ಕೋಣೆಯ ಬಾಗಿಲು ತೆಗೆಯುವುದು, ಉಪ್ಪಿನ ಮೂಟೆ ಬಿಚ್ಚುವುದು, ಇಪ್ಪತ್ತು ತಗಡಿನ ಡಬ್ಬಿಗಳನ್ನು ಸಾಲಾಗಿ ಇಟ್ಟು ಒಂದೊಂದಕ್ಕೂ ಮೂರು ಕೆ.ಜಿ. ಆರುನೂರು ಗ್ರಾಂ ತೂಗಿ ಹಾಕುವುದು. ಒಂದು ಡಬ್ಬಿ ಉಪ್ಪಿಗೆ ಇನ್ನೂರು ಕೆ.ಜಿ. ಹಿಟ್ಟು. ಇಪ್ಪತ್ತು ಡಬ್ಬಿ ಖಾಲಿಯಾಗುವ ಹೊತ್ತಿಗೆ ಹದಿನಾರು ಸಾವಿರ ಬ್ರೆಡ್ಡುಗಳು ಲಾರಿ ಹತ್ತಿರುತ್ತಿದ್ದವು. ಅವಳು ಮೊರದಂಥ ಚಮಚದಿಂದ ಒಂದೇ ಸಲಕ್ಕೆ ಸುರಿದರೆ ತಕ್ಕಡಿಯ ಮುಳ್ಳು ಐದು ಗ್ರಾಂ ಆಚೀಚೆ ಆಗುತ್ತಿರಲಿಲ್ಲ. ಅದರ ಬಗ್ಗೆ ಅವಳಿಗೆ ಒಳಗೊಳಗೇ ಜಂಬವೂ ಇತ್ತು.

ಆ ಕೆಲಸ ಅವಳಿಗೆ ಸಿಕ್ಕಿದ್ದು ಅಪ್ಪನಿಂದ. ಅಪ್ಪ ಅದೇ ಕಾರ್ಖಾನೆಯಲ್ಲಿ ಒಲೆಯ ಮುಂದೆ ನಿಲ್ಲುತ್ತಿದ್ದ. ಐವತ್ತೆರಡನೇ ವಯಸ್ಸಿನಲ್ಲಿ, ಉದ್ದನೆಯ ಹಲಗೆಯಲ್ಲಿ ಬ್ರೆಡ್ ಹೊರಗೆಳೆಯುತ್ತಿದ್ದಾಗಲೇ ಎದೆ ಹಿಡಿದುಕೊಂಡು ಕುಸಿದ. ಆಸ್ಪತ್ರೆಯ ಗಾಡಿ ಬರುವುದರೊಳಗೆ ಎಲ್ಲಾ ಮುಗಿದಿತ್ತು. ಬಹಳ ದಿನಗಳಿಂದ ರಕ್ತದೊತ್ತಡ ಇದ್ದಿರಬೇಕು, ತೋರಿಸಿಕೊಂಡೇ ಇಲ್ಲ ಎಂದು ಡಾಕ್ಟರು ಹೇಳಿದ್ದಷ್ಟೇ ಅವಳಿಗೆ ನೆನಪು. ಆಗ ಅವಳಿಗೆ ಇಪ್ಪತ್ತನಾಲ್ಕು. ಕಾರ್ಖಾನೆಯವರು ಕರೆದು ತೂಕದ ಕೋಣೆಯ ಕೀಲಿಕೈ ಕೊಟ್ಟರು.

ಅವಳ ನಲವತ್ತೆಂಟನೇ ವಯಸ್ಸಿನಲ್ಲಿ ದೇಶದ ಆರೋಗ್ಯ ಇಲಾಖೆಯ ಗಮನ ಜನರ ಹೃದಯದ ಕಡೆ ಹರಿಯಿತು. ಗೋಡೆಗೋಡೆಗೂ ಕೆಂಪು ಹೃದಯದ ಚಿತ್ರ ಬಂತು. ಉಪ್ಪು ಕಡಿಮೆ ತಿನ್ನಿ, ಬೀಡಿ ಸಿಗರೇಟು ಬಿಡಿ, ದಿನಾ ಅರ್ಧ ಗಂಟೆ ನಡೆಯಿರಿ. ಕಾರ್ಖಾನೆಯ ಕ್ಯಾಂಟೀನಿನಲ್ಲೂ ಒಂದನ್ನು ಅಂಟಿಸಿದರು. ಅದರ ಕೆಳಗೇ ಕೂತು ಜನ ಉಪ್ಪಿನ ಡಬ್ಬಿ ಅಲ್ಲಾಡಿಸುತ್ತಿದ್ದರು. ಉಪ್ಪಿನಕ್ಕನ ಗಂಡ ಸಿಟಿ ಬಸ್ಸಿನ ಡ್ರೈವರು. ಅವನ ಬಸ್ಸಿನ ಹಿಂಬದಿಗೂ ಆ ಹೃದಯವನ್ನು ಬಳಿದಿದ್ದರು. ಎರಡು ವರ್ಷ ಆ ಮನುಷ್ಯ ಹೃದಯವನ್ನು ಬೆನ್ನಿಗೆ ಹೊತ್ತು ಊರೆಲ್ಲ ಸುತ್ತಿದ. ಮನೆಗೆ ಬಂದು ಬೇಯಿಸಿದ ಮೊಟ್ಟೆಯ ಮೇಲೆ ಹಿಮ ಬಿದ್ದ ಹಾಗೆ ಉಪ್ಪು ಉದುರಿಸಿಕೊಂಡ. ಕೇಳಿದರೆ, "ಅದು ಹಿಂದಿನ ಗಾಡಿಯೋರು ಓದ್ಲಿ ಅಂತ ಬರೆದಿರೋದು, ನಾನು ಮುಂದೆ ಕೂತಿರ್ತೀನಿ" ಅನ್ನುತ್ತಿದ್ದ.

ಹೀಗಿರುವಾಗ ಒಂದು ಸೋಮವಾರ ಮ್ಯಾನೇಜರು ಉಪ್ಪಿನಕ್ಕನನ್ನೂ ಹಿಟ್ಟು ಕಲಸುವ ಮೇಸ್ತ್ರಿಯನ್ನೂ ತಮ್ಮ ಕೋಣೆಗೆ ಕರೆಸಿದರು. ಮೇಸ್ತ್ರಿ ಎಂದರೆ ಹೆಗಲು ಅಗಲ, ಮಾತು ಮೊಟಕು, ಮೂಗಿನ ತುದಿಯಲ್ಲೇ ಸಿಟ್ಟು. ಕೋಣೆಯಲ್ಲಿ ಆರೋಗ್ಯ ಇಲಾಖೆಯ ಒಬ್ಬ ಡಾಕ್ಟರಮ್ಮ ಕೂತಿದ್ದಳು. ಮೂವತ್ತೈದರ ಆಸುಪಾಸು, ಗಂಟಲು ಕಟ್ಟಿದ ದನಿ, ತೊಡೆಯ ಮೇಲೆ ಒಂದು ಬ್ರೆಡ್ಡು.

"ಎರಡು ವರ್ಷ ಜನರಿಗೆ ಬುದ್ಧಿ ಹೇಳಿ ಹೇಳಿ ನನ್ನ ಗಂಟಲು ಹೋಯ್ತು" ಎಂದಳು ಆಕೆ. "ಆಮೇಲೆ ಲೆಕ್ಕ ಹಾಕಿ ನೋಡಿದ್ವಿ. ಜನ ಕೈಯಾರೆ ಉದುರಿಸ್ಕೊಳ್ಳೋದು ಸ್ವಲ್ಪ. ಜಾಸ್ತಿ ಉಪ್ಪು ಅವರು ಬಾಯಿಗಿಡೋ ಮುಂಚೇನೇ ಒಳಗೆ ಸೇರಿರತ್ತೆ. ಎಲ್ಲಕ್ಕಿಂತ ಮುಂದೆ ಇರೋದು ಇದು." ಬ್ರೆಡ್ಡನ್ನು ಎತ್ತಿ ಮೇಜಿನ ಮೇಲಿಟ್ಟಳು. "ರಕ್ತದ ಒತ್ತಡ ಏರೋದು, ಆಮೇಲೆ ಹೃದಯ ಕೈಕೊಡೋದು, ಇದಕ್ಕೆಲ್ಲ ಜನರನ್ನೇ ಬೈತಾ ಕೂತಿದ್ದೆ. ಅವರ ಉಪ್ಪನ್ನ ಅಳೀತಿರೋರು ಬೇರೆಯವರು."

ಉಪ್ಪಿನಕ್ಕ ಬ್ರೆಡ್ಡನ್ನೇ ನೋಡಿದಳು. ದಿನಕ್ಕೆ ಎಪ್ಪತ್ತೆರಡು ಕೆ.ಜಿ. ಇಪ್ಪತ್ತಾರು ವರ್ಷ. ಮನಸ್ಸಿನಲ್ಲೇ ಗುಣಿಸಲು ಹೋಗಿ ಅರ್ಧಕ್ಕೇ ಬಿಟ್ಟಳು. "ಅಳೀತಿರೋಳು ನಾನೇ" ಎಂದಳು.

"ಗೊತ್ತು. ಅದಕ್ಕೇ ನಿಮ್ಮನ್ನ ಕರೆಸಿದ್ದು. ತಪ್ಪು ಹೊರಿಸೋಕಲ್ಲ. ಕೆ.ಜಿ. ಹಿಟ್ಟಿಗೆ ಹದಿನೆಂಟು ಗ್ರಾಂ ಹಾಕ್ತಿದೀರ. ಅದನ್ನ ಹನ್ನೆರಡಕ್ಕೆ ಇಳಿಸ್ಬೇಕು. ಒಂದೇ ಸಲಕ್ಕಲ್ಲ. ಮೂರು ತಿಂಗಳಿಗೆ ಒಂದು ಗ್ರಾಂ. ಹದಿನೆಂಟು ತಿಂಗಳು."

"ಜನ ಉಗೀತಾರೆ" ಎಂದ ಮೇಸ್ತ್ರಿ.

"ನಾಲಿಗೆಗೆ ಒಂದು ಗ್ರಾಂ ವ್ಯತ್ಯಾಸ ಗೊತ್ತಾಗಲ್ಲ. ಹೇಳಿದ್ರೆ ಮಾತ್ರ ಗೊತ್ತಾಗತ್ತೆ. ಅದಕ್ಕೇ ಡಂಗುರ ಹೊಡೆಯೋದು ಬೇಡ. ಆದ್ರೆ ಮುಚ್ಚಿಡೋದೂ ಇಲ್ಲ. ಪ್ರತಿ ಸಲ ಎಷ್ಟು ಉಪ್ಪಿದೆ ಅಂತ ಬ್ರೆಡ್ಡು ಸುತ್ತೋ ಕಾಗದದ ಮೇಲೆ ಅಚ್ಚು ಹಾಕಿಸ್ತೀವಿ. ಓದೋರು ಓದ್ಕೊಳ್ಳಲಿ."

ಮ್ಯಾನೇಜರು ಗಲ್ಲ ಕೆರೆದುಕೊಂಡರು. ಬೇಡ ಎಂದು ಇಲಾಖೆಗೆ ಹೇಳುವ ಹಾಗಿರಲಿಲ್ಲ, ಸರಿ ಎಂದು ಮಾಲೀಕರಿಗೆ ಹೇಳುವ ಧೈರ್ಯವೂ ಇರಲಿಲ್ಲ. ಅಷ್ಟರಲ್ಲಿ ಉಪ್ಪಿನಕ್ಕ ಕೇಳಿದಳು, "ನಾಳೆಯಿಂದಾನೇ ಶುರು ಮಾಡ್ಬಹುದಾ?"

ಮೂವರೂ ಅವಳತ್ತ ತಿರುಗಿದರು, ಮ್ಯಾನೇಜರು ಹೂಂ ಎಂದರು. ಅವಳಿಗೇ ತನ್ನ ದನಿ ಹೊಸದಾಗಿ ಕೇಳಿಸಿತ್ತು. ಇಪ್ಪತ್ತಾರು ವರ್ಷ ಹಾಕಿದ ಕೈಯೇ ಇನ್ನು ತೆಗೆಯಬಹುದು ಎಂದು ಹೊಳೆದದ್ದೇ ತಡ, ಅವಳ ಮೈಯೊಳಗೆ ಏನೋ ಪುಟಿದೆದ್ದಿತ್ತು. ಮೆಟ್ಟಿಲಿಳಿಯುವಾಗ ಮೇಸ್ತ್ರಿ, "ನಿಧಾನ ಅಕ್ಕ, ಬಿದ್ದೀಯ" ಅನ್ನುವಷ್ಟು ಚುರುಕಾಗಿ ಇಳಿದಳು.

ಮರುದಿನ ಒಂದೊಂದು ಡಬ್ಬಿಯಿಂದಲೂ ಇನ್ನೂರು ಗ್ರಾಂ ಹೊರಬಂತು. ಎರಡು ಹಿಡಿ ಉಪ್ಪು, ಅಷ್ಟೆ. ಅಂದು ಸಂಜೆ ಬ್ರೆಡ್ ಕೊಯ್ದು ಗಂಡನ ಮುಂದಿಟ್ಟು ಅವಳು ಎದುರೇ ಕೂತಳು. ಗಂಡನಿಗೆ ತನ್ನ ನಾಲಿಗೆಯ ಬಗ್ಗೆ ವಿಪರೀತ ಹೆಮ್ಮೆ. ಹಾಲಿಗೆ ಎರಡು ಹನಿ ನೀರು ಬೆರೆತರೂ ಹೇಳಬಲ್ಲೆ ಎನ್ನುವವನು. ಅವನು ಒಂದು ಚೂರು ತಿಂದ, ಎರಡನೆಯದಕ್ಕೆ ಕೈ ಹಾಕಿದ, ನಡುವೆ ಒಮ್ಮೆ ಅಗಿಯುವುದನ್ನು ನಿಲ್ಲಿಸಿದ. ಉಪ್ಪಿನಕ್ಕ ಮುಂದಕ್ಕೆ ಬಾಗಿದಳು.

"ಏನು, ನನ್ನ ಬಾಯಿನೇ ನೋಡ್ತಾ ಕೂತಿದೀಯ?"

"ಏನಿಲ್ಲ. ಚೆನ್ನಾಗಿದ್ಯಾ?"

"ಬ್ರೆಡ್ಡು ಬ್ರೆಡ್ಡಿನ ಥರಾನೇ ಇದೆ. ಇದರಲ್ಲಿ ಚೆನ್ನಾಗಿರೋದೇನು ಬಂತು" ಎಂದು ಅವನು ಟೀ ಕುಡಿದ. ಅವಳು ಅಡುಗೆಮನೆಗೆ ಹೋಗಿ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು ನಕ್ಕಳು. ಗುಟ್ಟನ್ನು ಹೊಟ್ಟೆಯಲ್ಲಿಟ್ಟುಕೊಂಡು ತಿರುಗುವುದರಲ್ಲಿ ಇಷ್ಟು ಸುಖವಿದೆ ಎಂದು ಅವಳಿಗೆ ಅದುವರೆಗೆ ಗೊತ್ತಿರಲಿಲ್ಲ. ಬಸ್ ನಿಲ್ದಾಣದಲ್ಲಿ, ಶಾಲೆಯ ಗೇಟಿನ ಮುಂದೆ, ಆಸ್ಪತ್ರೆಯ ಬೆಂಚಿನ ಮೇಲೆ ಯಾರು ಬ್ರೆಡ್ ತಿನ್ನುತ್ತಿದ್ದರೂ ಅವಳ ಕಣ್ಣು ಅತ್ತಲೇ. ಕಾಗದದ ಮೇಲೆ ಸಾಸಿವೆಯಷ್ಟು ದಪ್ಪದ ಅಕ್ಷರದಲ್ಲಿ ಹೊಸ ಅಂಕಿ ಇತ್ತು. ಒಬ್ಬರೂ ಓದಲಿಲ್ಲ.

ಹದಿನೇಳು ಆಯಿತು, ಹದಿನಾರು ಆಯಿತು, ಹದಿನೈದೂ ಆಯಿತು. ದೂರಿನ ಪತ್ರಗಳು ಮೊದಲಿನಂತೆಯೇ ಬರುತ್ತಿದ್ದವು, ತಿಂಗಳಿಗೆ ಏಳೋ ಎಂಟೋ. ಒಬ್ಬರಿಗೆ ಬ್ರೆಡ್ ಸೀದಿತ್ತು, ಇನ್ನೊಬ್ಬರಿಗೆ ಕಾಗದ ಹರಿದಿತ್ತು. ಒಬ್ಬ ನಿವೃತ್ತ ಮೇಷ್ಟ್ರು ಮಾತ್ರ ಇತ್ತೀಚೆಗೆ ಉಪ್ಪು ಜಾಸ್ತಿಯಾಗುತ್ತಿದೆ ಎಂದು ಎರಡು ಪುಟ ಬರೆದಿದ್ದರು. ಮ್ಯಾನೇಜರು ಅದನ್ನು ಓದಿ ಉಪ್ಪಿನಕ್ಕನಿಗೆ ಕಳಿಸಿದರು. ಅವಳು ಅದನ್ನು ತೂಕದ ಕೋಣೆಯ ಗೋಡೆಗೆ ಮೊಳೆ ಹೊಡೆದು ನೇತುಹಾಕಿದಳು.

ಪೆಟ್ಟು ಬಿದ್ದದ್ದು ಹದಿನಾಲ್ಕಕ್ಕೆ ಇಳಿದ ದಿನ. ಉಪ್ಪಿಗೆ ರುಚಿಯಷ್ಟೇ ಅಲ್ಲ, ಹಿಟ್ಟಿನ ಹುಳಿಯನ್ನು ಹತೋಟಿಯಲ್ಲಿಡುವ ಕೆಲಸವೂ ಇದೆ. ಅದು ಕಡಿಮೆಯಾದಾಗ ಹಿಟ್ಟು ಉಬ್ಬಿಸುವ ಹುದುಗಿಗೆ ಹೇಳುವವರು ಕೇಳುವವರು ಇಲ್ಲದ ಹಾಗಾಯಿತು. ಹತ್ತು ಗಂಟೆಗೆಲ್ಲ ಹಿಟ್ಟು ತೊಟ್ಟಿಯ ಅಂಚು ದಾಟಿ ನೆಲಕ್ಕೆ ಇಳಿಯಿತು. ಮುಟ್ಟಿದರೆ ಗೋಂದಿನಂತೆ ಅಂಟುತ್ತಿತ್ತು. ಒಲೆಗೆ ಹೋದ ಬ್ರೆಡ್ಡುಗಳು ಉಬ್ಬಿ, ಹೊರಬರುವಾಗ ಪಕ್ಕೆ ಒಳಗೆ ಹೋಗಿ, ಹಲ್ಲಿಲ್ಲದವರ ಕೆನ್ನೆಯ ಹಾಗೆ ಕೂತವು. ಮೇಸ್ತ್ರಿ ಮೊಣಕೈವರೆಗೆ ಹಿಟ್ಟು ಮೆತ್ತಿಕೊಂಡು ತೂಕದ ಕೋಣೆಗೆ ಬಂದ.

"ಮುಗೀತು ಅಕ್ಕ ನಿನ್ನ ಡಾಕ್ಟರಮ್ಮನ ಆಟ. ನಾಳೆ ಹಳೇ ತೂಕಕ್ಕೇ ಹಾಕು."

"ಹಾಕಲ್ಲ."

"ಹಾಕಲ್ಲ ಅಂದ್ರೆ? ಮೂವತ್ತು ವರ್ಷ ಹಿಟ್ಟು ಕಲಸಿದೀನಿ ನಾನು."

"ಅದಕ್ಕೇ ಹೇಳ್ತಿರೋದು. ಉಪ್ಪಿನ ಬಲದಿಂದ ಯಾರು ಬೇಕಾದ್ರೂ ಕಲಸ್ತಾರೆ. ಉಪ್ಪು ಕಮ್ಮಿ ಇಟ್ಟು ನಿಲ್ಲಿಸಿದ್ರೆ ಮೇಸ್ತ್ರಿ ಅನ್ಬಹುದು."

ಮಾತು ನಾಟಬೇಕಾದಲ್ಲೇ ನಾಟಿತು. ಮೇಸ್ತ್ರಿ ಕೈಯ ಹಿಟ್ಟು ಕೆರೆಯುತ್ತಾ ಹೋದವನು ಅರ್ಧ ಗಂಟೆಯಲ್ಲಿ ವಾಪಸು ಬಂದು, "ಸಣ್ಣ ಯಂತ್ರ ಖಾಲಿ ಇದೆ. ಐದೈದು ಕೆ.ಜಿ. ಹಿಟ್ಟು ತೂಗು. ಅಲ್ಲೀವರೆಗೆ ದೊಡ್ಡದರಲ್ಲಿ ಹದಿನೈದೇ ಇರ್ಲಿ" ಎಂದ.

ಮುಂದಿನ ಮೂರು ಮಧ್ಯಾಹ್ನಗಳು ಅವಳ ಬದುಕಿನಲ್ಲಿ ಅದುವರೆಗೆ ಬಾರದಂಥವು. ಕೆಲಸ ಮುಗಿದ ಮೇಲೆ ಇಬ್ಬರೂ ಹಿಂಬದಿಯ ಕೋಣೆ ಸೇರುತ್ತಿದ್ದರು. ಮೊದಲು ಹುದುಗು ಕಡಿಮೆ ಮಾಡಿದರು. ಹಿಟ್ಟು ಏಳಲೇ ಇಲ್ಲ, ಇಟ್ಟಿಗೆಯಾಯಿತು. ನೀರು ಕಡಿಮೆ ಮಾಡಿದರು. ಒಣಗಿ ಬಿರುಕು ಬಿಟ್ಟಿತು. ಮಂಜುಗಡ್ಡೆ ಹಾಕಿದ ತಣ್ಣೀರಿನಲ್ಲಿ ಕಲಸಿದಾಗ ಹಿಟ್ಟು ಮೊದಲ ಸಲ ಹೇಳಿದ ಮಾತು ಕೇಳಿತು. ಆದರೆ ರುಚಿ ಸಪ್ಪೆ. ಮೂರನೆಯ ದಿನ ಅವಳು ಒಂದು ತೊಟ್ಟಿಯ ಮೂಲೆಯಲ್ಲಿ ಹಿಂದಿನ ದಿನದ ಹಿಟ್ಟಿನ ಮುದ್ದೆಯೊಂದು ಉಳಿದಿದ್ದನ್ನು ಕಂಡು ಮೂಸಿದಳು. ಹಿತವಾದ ಹುಳಿ ವಾಸನೆ.

"ಇದನ್ನ ಸೇರಿಸಿದ್ರೆ?"

"ಹಳೇ ಹಿಟ್ಟಾ? ನಮ್ಮಜ್ಜ ಹಾಗೆ ಮಾಡ್ತಿದ್ದ" ಎಂದ ಮೇಸ್ತ್ರಿ. ಹೇಳಿದ ಮೇಲೆ ತನ್ನ ಮಾತನ್ನೇ ಕೇಳಿಸಿಕೊಂಡವನ ಹಾಗೆ ನಿಂತ. "ನಮ್ಮಜ್ಜ ಹಾಗೇ ಮಾಡ್ತಿದ್ದ" ಎಂದು ಮತ್ತೊಮ್ಮೆ ಹೇಳಿ ಮುದ್ದೆಯನ್ನು ಯಂತ್ರಕ್ಕೆ ಎಸೆದ.

ನಾಲ್ಕೂವರೆಗೆ ಒಲೆಯಿಂದ ಬಂದ ಬ್ರೆಡ್ಡು ನೆಟ್ಟಗೆ ನಿಂತಿತ್ತು. ಮೇಲೆ ಹೊಂಬಣ್ಣ, ಒಳಗೆ ಒಂದೇ ಸಮನಾದ ಜಾಲರಿ. ಬೆರಳು ಸುಡುತ್ತಿದ್ದರೂ ಇಬ್ಬರೂ ಮುರಿದು ಬಾಯಿಗಿಟ್ಟುಕೊಂಡರು. ಮೇಸ್ತ್ರಿ ಕಣ್ಣು ಮುಚ್ಚಿ ಅಗಿದ. ಇನ್ನೊಂದು ಚೂರು ಮುರಿದುಕೊಂಡ. ಕೊನೆಗೆ, "ಹದಿಮೂರಕ್ಕೆ ಯಾವಾಗ ಇಳಿಯೋದು?" ಎಂದ. ಉಪ್ಪಿನಕ್ಕನಿಗೆ ಕಣ್ಣು ತುಂಬಿ ಬಂತು. ಬಿಸಿ ಬ್ರೆಡ್ ನುಂಗಿದ್ದಕ್ಕೆ ಎಂದಳು.

ಹದಿಮೂರೂ ದಾಟಿ ಹನ್ನೆರಡಕ್ಕೆ ಬಂದು ಎರಡು ತಿಂಗಳಾಗಿತ್ತು. ಮಗಳಿಗೆ ಹೆರಿಗೆಯ ದಿನ ಹತ್ತಿರವಾಗಿ, ಉಪ್ಪಿನಕ್ಕ ಮೂರು ದಿನ ರಜೆ ಹಾಕಿದಳು. ಅವಳ ಜಾಗಕ್ಕೆ ಮ್ಯಾನೇಜರು ಪ್ಯಾಕಿಂಗ್ ವಿಭಾಗದ ಹಿರಿಯನೊಬ್ಬನನ್ನು ಕೂರಿಸಿದರು. ಇಪ್ಪತ್ತೆಂಟು ವರ್ಷದ ಹಿಂದೆ ತೂಕದ ಕೋಣೆಯಲ್ಲಿ ಇದ್ದವನು ಅವನು. ಹಳೆಯದೆಲ್ಲ ಬಾಯಿಪಾಠ ಇದ್ದದ್ದರಿಂದ ಅವನನ್ನು ಎಲ್ಲರೂ ಕಂಪ್ಯೂಟರ್ ಎಂದು ಕರೆಯುತ್ತಿದ್ದರು. ತಕ್ಕಡಿಯ ಪಕ್ಕದಲ್ಲಿ ಅವಳು ಚೀಟಿ ಅಂಟಿಸಿ ಹೋಗಿದ್ದಳು, ಒಂದು ಡಬ್ಬಿಗೆ ಎರಡು ಕೆ.ಜಿ. ನಾನೂರು ಎಂದು. ಕಂಪ್ಯೂಟರ್ ಚೀಟಿ ನೋಡಲೇ ಇಲ್ಲ. ಇಪ್ಪತ್ತು ಡಬ್ಬಿಗೂ ಮೂರು ಕೆ.ಜಿ. ಆರುನೂರು ತೂಗಿಟ್ಟು, ಕೈ ಕೊಡವಿಕೊಂಡು ಎದ್ದ. ಅಂದು ಮೇಸ್ತ್ರಿಗೂ ವಾರದ ರಜೆ. ಹಿಟ್ಟು ಬಿಗಿಯಾಗಿದೆ ಎಂದು ಅವನ ಕೈಕೆಳಗಿನವರು ಒಂದಿಷ್ಟು ಹೊತ್ತು ಹೆಚ್ಚು ಏಳಲು ಬಿಟ್ಟರು, ಅಷ್ಟೆ.

ಉಪ್ಪಿನಕ್ಕ ಆಸ್ಪತ್ರೆಯಲ್ಲಿ ಮೊಮ್ಮಗಳನ್ನು ಎತ್ತಿಕೊಂಡು ಕೂತಿದ್ದಳು. ಹುಟ್ಟಿ ಆರು ಗಂಟೆಯಾದ ಕೂಸು. ಗಂಡ ಮಗಳಿಗೆ ಟೀ, ತಮಗೆ ಬ್ರೆಡ್ಡು ತಂದಿದ್ದ. ಒಂದು ಚೂರು ಬಾಯಿಗೆ ಹಾಕಿಕೊಂಡವನು ಮುಖ ಕಿವುಚಿ ಅದನ್ನು ಕರವಸ್ತ್ರಕ್ಕೆ ಉಗಿದ.

"ಏನೇ ಇದು, ಉಪ್ಪಿನ ಗಡ್ಡೆ. ನೀನಿಲ್ದೆ ಇದ್ರೆ ಅಲ್ಲಿ ಎಲ್ಲಾ ಕಣ್ಣುಮುಚ್ಚಿ ಸುರೀತಾರಾ?"

ಅವಳು ಕೂಸನ್ನು ಮಗಳ ಪಕ್ಕ ಮಲಗಿಸಿ ಒಂದು ಚೂರು ಮುರಿದುಕೊಂಡಳು. ನಾಲಿಗೆ ಚುರುಗುಟ್ಟಿತು. ಎರಡನೇ ಸಲ ಅಗಿದಾಗ ರುಚಿ ಗುರುತು ಸಿಕ್ಕಿತು. ಇದು ಹದಿನೆಂಟು. ಬೆಳಿಗ್ಗೆ ಬೆಳಿಗ್ಗೆ ಅಪ್ಪ ಬಿಸಿಬಿಸಿಯಾಗಿ ಮುರಿದು ತಿನ್ನುತ್ತಿದ್ದ ಬ್ರೆಡ್ಡು. ತಾನು ಐವತ್ತು ವರ್ಷ ತಿಂದ ಬ್ರೆಡ್ಡು. ಈಗ ನುಂಗಲಿಕ್ಕೆ ಆಗುತ್ತಿಲ್ಲ.

"ನಿಮಗೆ ಉಪ್ಪಾಗಿದ್ಯಾ? ನಿಜವಾಗಿ?" ಎಂದು ಗಂಡನ ತೋಳು ಹಿಡಿದು ಕೇಳಿದಳು.

"ನನ್ನ ನಾಲಿಗೆ ಸುಳ್ಳು ಹೇಳತ್ತಾ?"

ಅವಳು ನಗಲು ಶುರುಮಾಡಿದಳು. ಮಗಳು, ಅಳಿಯ, ಪಕ್ಕದ ಹಾಸಿಗೆಯವರು ಎಲ್ಲ ಕಣ್ಣರಳಿಸಿ ನೋಡಿದರು. ಗಂಡನ ಕೈಗೆ ಕಳೆದ ವಾರದ ಬ್ರೆಡ್ಡಿನ ಕಾಗದವೊಂದನ್ನು ಪರ್ಸಿನಿಂದ ತೆಗೆದು ಕೊಟ್ಟು, "ಈ ಸಣ್ಣಕ್ಷರ ಓದಿ" ಎಂದಳು. ಅವನು ಕಾಗದವನ್ನು ದೂರ ಹಿಡಿದು, ಹತ್ತಿರ ಹಿಡಿದು, ಕೊನೆಗೆ ಅಳಿಯನಿಂದ ಓದಿಸಿಕೊಂಡ, ಕೆ.ಜಿ. ಹಿಟ್ಟಿಗೆ ಹನ್ನೆರಡು ಗ್ರಾಂ ಉಪ್ಪು ಎಂದು. ಹದಿನೇಳು ತಿಂಗಳ ಕಥೆಯನ್ನು ಅವಳು ಒಂದೇ ಉಸಿರಿನಲ್ಲಿ ಹೇಳಿ ಮುಗಿಸಿದಾಗ ಅವನು ಕರವಸ್ತ್ರವನ್ನು ಮಡಚಿ ಜೇಬಿಗೆ ಹಾಕಿಕೊಂಡ.

"ಅಂದ್ರೆ ನನ್ನ ನಾಲಿಗೆಗೆ ಗೊತ್ತಿತ್ತು, ನನಗೆ ಹೇಳಿರ್ಲಿಲ್ಲ" ಎಂದ.

ಕಾರ್ಖಾನೆಯಲ್ಲಿ ಅಷ್ಟರಲ್ಲಿ ಫೋನು ಕೆಳಗಿಡಲು ಬಿಡುವಿರಲಿಲ್ಲ. ಸಂಜೆಯೊಳಗೆ ನಾನೂರಕ್ಕೂ ಹೆಚ್ಚು ಕರೆ. ಸಮುದ್ರದ ನೀರಲ್ಲಿ ಕಲಸಿದ್ದೀರಾ ಎಂದು ಒಬ್ಬರು, ಮಕ್ಕಳು ಮುಟ್ಟುತ್ತಿಲ್ಲ ಎಂದು ಇನ್ನೊಬ್ಬರು. ಅಂಗಡಿಗಳು ಬ್ರೆಡ್ಡನ್ನು ಬುಟ್ಟಿಗಟ್ಟಲೆ ವಾಪಸು ಕಳಿಸಿದವು. ಮ್ಯಾನೇಜರು ತಲೆಯ ಮೇಲೆ ಕೈಹೊತ್ತು ಕೂತಿದ್ದಾಗ ಉಪ್ಪಿನಕ್ಕ ಆಸ್ಪತ್ರೆಯಿಂದ ಬಸ್ ಹಿಡಿದು ಬಂದಳು. ಮೂಲೆಯಲ್ಲಿ ಕಂಪ್ಯೂಟರ್ ಮುಖ ಸಣ್ಣದು ಮಾಡಿಕೊಂಡು ನಿಂತಿದ್ದ.

"ನಾನು ಯಾವತ್ತೂ ಹಾಕ್ತಿದ್ದಷ್ಟೇ ಹಾಕಿದ್ದು ಅಕ್ಕ. ಒಂದು ಗ್ರಾಂ ಜಾಸ್ತಿ ಇಲ್ಲ."

"ಇಲ್ಲ ಮಾರಾಯ. ನಿನ್ನಿಂದ ಒಳ್ಳೇದೇ ಆಯ್ತು" ಎಂದು ಅವಳು ಅವನ ಬೆನ್ನು ತಟ್ಟಿದಾಗ ಮ್ಯಾನೇಜರಿಗೆ ಅವಳ ತಲೆ ಕೆಟ್ಟಿದೆ ಅನ್ನಿಸಿತು. ಅವಳು ಬಿಡಿಸಿ ಹೇಳಿದಳು. ಜನ ಬೈಯುತ್ತಿರುವುದು ಹೊಸ ಬ್ರೆಡ್ಡನ್ನಲ್ಲ. ಒಂದೂವರೆ ವರ್ಷದ ಹಿಂದೆ ತಾವೇ ಸಾಲು ನಿಂತು ಕೊಂಡ ಬ್ರೆಡ್ಡನ್ನು. ಊರಿಗೆ ಊರೇ ನಾಲಿಗೆ ಬದಲಾಯಿಸಿಕೊಂಡಿದೆ.

ಡಾಕ್ಟರಮ್ಮನಿಗೆ ಫೋನು ಹೋಯಿತು. ಮುಕ್ಕಾಲು ಗಂಟೆಯಲ್ಲಿ ಆಕೆ ಏದುಸಿರು ಬಿಡುತ್ತಾ ಬಂದಳು. ದೂರಿನ ಪಟ್ಟಿಯನ್ನು ಕೈಗೆತ್ತಿಕೊಂಡು ಒಂದೊಂದನ್ನೂ ಗಟ್ಟಿಯಾಗಿ ಓದಿದಳು. ಕೊನೆಯದನ್ನು ಎರಡು ಸಲ ಓದಿದಳು. "ಈ ಪಟ್ಟಿ ನನಗೆ ಕೊಡಿ. ನಾಳೆ ಮಂತ್ರಿಗಳ ಮುಂದೆ ಇಡ್ತೀನಿ. ಮೂವತ್ತು ಪುಟದ ವರದಿ ಬರೆದಿದ್ದೆ. ಅದಕ್ಕಿಂತ ಇದು ವಾಸಿ" ಎಂದಳು.

ಆ ಪಟ್ಟಿ ನಿಜವಾಗಿಯೂ ಕೆಲಸ ಮಾಡಿತು. ಹಿಂದೆ ಮುಂದೆ ನೋಡುತ್ತಿದ್ದ ದೇಶದ ಬೇರೆ ಬೇಕರಿಗಳು ಒಪ್ಪಿಕೊಂಡವು. ನಲವತ್ತೊಂದು ಕಾರ್ಖಾನೆಗಳಿಂದ ನಲವತ್ತೊಂದು ಮೇಸ್ತ್ರಿಗಳು ಕಲಿಯಲು ಬಂದರು. ಉಪ್ಪಿನಕ್ಕ ಮೈಕಿನ ಮುಂದೆ ನಿಂತು ಎರಡು ವಾಕ್ಯ ಹೇಳುವಷ್ಟರಲ್ಲಿ ಬೆವರಿಹೋದಳು. ಆಮೇಲೆ ಮೈಕು ಬಿಟ್ಟು, "ಬನ್ನಿ, ಕೈ ಹಾಕಿ ನೋಡಿ" ಎಂದು ತೊಟ್ಟಿಯ ಹತ್ತಿರ ಕರೆದಳು. ಅಲ್ಲಿ ಅವಳಿಗೆ ಮಾತು ತಾನಾಗಿ ಬಂತು. ತಣ್ಣೀರಿನ ಲೆಕ್ಕ, ಹಳೇ ಹಿಟ್ಟಿನ ಲೆಕ್ಕ, ಎಲ್ಲಿ ಎಡವಿದೆವು, ಎಲ್ಲಿ ಜಗಳವಾಡಿದೆವು, ಒಂದನ್ನೂ ಬಿಡಲಿಲ್ಲ. ಅವಳ ಮೇಸ್ತ್ರಿ ಪಕ್ಕದಲ್ಲಿ ನಿಂತು, ಯಾರಾದರೂ ಅನುಮಾನಪಟ್ಟರೆ ಗುರ್ ಎನ್ನುತ್ತಿದ್ದ.

ನಾಲ್ಕು ವರ್ಷದ ಮೇಲೆ ಇಲಾಖೆಯವರು ದೇಶದಾದ್ಯಂತ ಸಾವಿರಾರು ಜನರ ರಕ್ತದೊತ್ತಡ ಅಳೆದರು. ಫಲಿತಾಂಶ ಬಂದ ಮಧ್ಯಾಹ್ನ ಡಾಕ್ಟರಮ್ಮ ಬೇರೆ ಯಾರಿಗೂ ಹೇಳುವ ಮೊದಲು ತೂಕದ ಕೋಣೆಗೇ ಬಂದು ಉಪ್ಪಿನ ಮೂಟೆಯ ಮೇಲೆ ಕೂತಳು.

"ಸರಾಸರಿ ರಕ್ತದೊತ್ತಡ ಮೂರು ಅಂಕ ಇಳಿದಿದೆ."

"ಮೂರೇನಾ?" ಉಪ್ಪಿನಕ್ಕನಿಗೆ ನಿರಾಸೆಯಾಯಿತು.

"ಒಬ್ಬರಿಗೆ ಮೂರು ಇಳಿದ್ರೆ ಏನೂ ಅಲ್ಲ. ಇಡೀ ದೇಶಕ್ಕೆ ಮೂರು ಇಳಿದ್ರೆ ವರ್ಷಕ್ಕೆ ಸಾವಿರಾರು ಜನ ಆಸ್ಪತ್ರೆ ಮೆಟ್ಟಿಲು ಹತ್ತಲ್ಲ. ಎಲ್ಲಾ ಉಪ್ಪಿನಿಂದಾನೇ ಅಂತ ಹೇಳಲ್ಲ. ಜನ ನಡೀತಿದಾರೆ, ಸಿಗರೇಟೂ ಕಮ್ಮಿಯಾಗಿದೆ. ಆದ್ರೆ ದೊಡ್ಡ ಪಾಲು ಇದರದ್ದೇ."

"ಯಾರು ಅವರು? ಆ ಸಾವಿರಾರು ಜನ?"

"ಅದು ಯಾವತ್ತೂ ಗೊತ್ತಾಗಲ್ಲ. ಅವರಿಗೂ ಗೊತ್ತಾಗಲ್ಲ. ಎಂದಿನ ಹಾಗೆ ಕೆಲಸಕ್ಕೆ ಹೋಗಿ, ಮನೆಗೆ ಬರ್ತಾರೆ, ಅಷ್ಟೆ."

ಉಪ್ಪಿನಕ್ಕ ಚಮಚ ಕೆಳಗಿಟ್ಟಳು. ಯಾವುದೋ ಮನೆಯಲ್ಲಿ ಯಾರೋ ಅಪ್ಪ ಸಂಜೆ ಬಾಗಿಲು ತಟ್ಟುತ್ತಾನೆ, ಯಾರೋ ಮಗಳು ಹೋಗಿ ತೆಗೆಯುತ್ತಾಳೆ, ಇಬ್ಬರಿಗೂ ಅದರಲ್ಲಿ ವಿಶೇಷವೇನೂ ಕಾಣುವುದಿಲ್ಲ. ಅದನ್ನು ನೆನೆಯುತ್ತಾ ಅವಳಿಗೆ ಕೂರಲೂ ಆಗಲಿಲ್ಲ, ನಿಲ್ಲಲೂ ಆಗಲಿಲ್ಲ. ಕೋಣೆಯಲ್ಲಿ ಎರಡು ಸುತ್ತು ತಿರುಗಿದಳು. ಆಮೇಲೆ ಏಪ್ರನ್ ಬಿಗಿದುಕೊಂಡು, ಡಾಕ್ಟರಮ್ಮನ ಕೈ ಹಿಡಿದು ಅಂಗಳ ದಾಟಿ ಬಿಸ್ಕತ್ತು ವಿಭಾಗಕ್ಕೆ ಎಳೆದುಕೊಂಡು ಹೋದಳು. ಅಲ್ಲಿನ ಮುಖ್ಯಸ್ಥ ಇಬ್ಬರನ್ನೂ ಕಂಡದ್ದೇ ಹುಬ್ಬು ಗಂಟಿಕ್ಕಿದ.

"ಮೊದಲೇ ಹೇಳಿಬಿಡ್ತೀನಿ" ಎಂದ. "ಬಿಸ್ಕತ್ತು ಬೇರೆ, ಬ್ರೆಡ್ಡು ಬೇರೆ."

"ಇರ್ಲಿ" ಎಂದಳು ಉಪ್ಪಿನಕ್ಕ, ಒಂದು ಸ್ಟೂಲು ಎಳೆದುಕೊಂಡು. "ಕೆ.ಜಿ.ಗೆ ಎಷ್ಟು ಹಾಕ್ತೀರಿ, ಅದನ್ನ ಹೇಳಿ."